ಎಡಗಡೆ ಇಟ್ಟ ಟ್ಯಾಬ್

“ಇವತ್ತ ಟ್ಯಾಬ್ ಇಡಬ್ಯಾಡ ಅಕ್ಕಾ, ನಾ ಆರಾಮ ಅದೀನಿ,” ಎಂದು ಲ್ಯಾಪ್‌ಟಾಪಿನಲ್ಲಿ ನನ್ನ ತಂಗಿ ನೀಲಾ ನಕ್ಕಳು.

ವಿಡಿಯೊ ಕಾಲ್ ನಡೆಯುವಾಗ ಲ್ಯಾಪ್‌ಟಾಪಿನ ಪಕ್ಕ ಟ್ಯಾಬ್ ಇಟ್ಟರೆ ಮಾತಾಡುವವರ ಆ ಪಕ್ಕದ ಜಾಗವೂ ಟ್ಯಾಬಿನಲ್ಲಿ ಕಾಣುತ್ತದೆಯಲ್ಲ. ಹೋದ ವಾರ “ಎಡಕ್ಕ ಇಡಬೇ ಅಕ್ಕಾ, ನನ್ನ ಹೊಸಾ ಸೋಫಾ ನೋಡು” ಎಂದು ಕುಣಿದವಳು ಇವಳೇ.

“ಯಾಕ, ಮನಿ ಕಸಾ ಹೊಡದಿಲ್ಲೇನು?” ಎನ್ನುತ್ತ ಟ್ಯಾಬನ್ನು ಎಡಕ್ಕೆ ಇಟ್ಟೆ.

ಅದರಲ್ಲಿ ಅವಳ ಗಂಡ ಕಾಣಿಸಿದ. ಮೇಜಿನ ಕೆಳಗೆ ಅವಳ ಮುಂಗೈ ತಿರುಚಿ ಹಿಡಿದಿದ್ದ. ನೀಲಾ ಲ್ಯಾಪ್‌ಟಾಪಿನಲ್ಲಿ ಇನ್ನೂ ನಗುತ್ತಲೇ ಇದ್ದಳು.

“ಆರಾಮೇನ್ರೀ ಅಕ್ಕಾರ?” ಅವನು ಬಹಳ ಮರ್ಯಾದೆಯಿಂದ ಕೇಳಿದ.

“ಆಕಿ ಕೈ ಬಿಡು! ನಾ ಈಗ ಬಸ್ ಹತ್ತಿ ಬರ್ತೀನಿ!”

ಅವನು ಇನ್ನೊಂದು ಕೈ ಚಾಚಿ ಪಕ್ಕದ ಗೋಡೆಯ ಕಿಟಕಿ ಮುಚ್ಚಿದ. ಟ್ಯಾಬ್ ಕತ್ತಲಾಯಿತು, ಲ್ಯಾಪ್‌ಟಾಪಿನಲ್ಲಿ ತಂಗಿಯ ಮುಖವೂ.