ಬರಿಗೈಯ ಕೇಸು

ನಾಲ್ಕು ಜನರೆದುರು ಕೈಗವಸು ಬಿಚ್ಚಿ ಅಂಗೈ ತೋರಿಸಿದರೆ ಬೆತ್ತಲಾದಂತೆ ಎಂದು ಹಸುಗೂಸಿಗೂ ಗೊತ್ತಿರುವ ಕಾಲ ಅದು. ಅಂಥದರಲ್ಲಿ ಮುದುಕ ಚಿಕ್ಕೀರಯ್ಯ ಆಸ್ಪತ್ರೆಯ ವಾರ್ಡಿನಲ್ಲಿ ಗವಸು ಕಳಚಿ, ಸಾಯಲಿರುವ ಹೆಂಡತಿಯ ಹಣೆ ಸವರಿದ್ದ. ಪಕ್ಕದ ಹಾಸಿಗೆಯವರು ದೂರು ಕೊಟ್ಟರು.

ಕೋರ್ಟಿನ ಜಗಲಿಯಲ್ಲಿ ವಕೀಲ ಶಂಭುಲಿಂಗು ಮೂರನೆಯ ಸಲ ಕಡತ ತೆರೆದ.

"ಗವಸು ಹರಿದಿತ್ತು ಅನ್ನೋ ಹಾಗಿಲ್ಲ ಅಜ್ಜ, ಪೊಲೀಸರ ಹತ್ರ ಇಡಿಯಾಗೇ ಇದೆ. ಪರದೆ ಎಳೆದಿತ್ತು, ಯಾರಿಗೂ ಕಾಣಲ್ಲ ಅಂದ್ಕೊಂಡ್ರಿ ಅನ್ನೋಣ ಅಂದ್ರೆ, ಪರದೆನೇ ಇರಲಿಲ್ಲ ಅಂತ ನರ್ಸಮ್ಮ ಬರೆದುಕೊಟ್ಟಿದ್ದಾರೆ. ತಪ್ಪು ಒಪ್ಕೊಂಡ್ರೆ ಮೂರು ತಿಂಗಳು ಜೈಲು."

"ಅವಳಿಗೆ ಉಳಿದಿರೋದು ಹದಿನೈದು ದಿನ ಅಂದವ್ರೆ ಡಾಕ್ಟ್ರು," ಎಂದ ಚಿಕ್ಕೀರಯ್ಯ.

"ಅದಕ್ಕೇ ಅಜ್ಜಿ ಹೇಳಿದ್ದೊಂದೇ ದಾರಿ. ಅವರೇ ನಿಮ್ಮ ಗವಸು ಎಳೆದು ಕಿತ್ತರು ಅನ್ನಿ. ಸಾಯೋರನ್ನ ಯಾರೂ ಜೈಲಿಗೆ ಹಾಕಲ್ಲ."

ನಿನ್ನೆ ಹೆಂಡತಿ ಪುಟ್ಟಮಲ್ಲಿ ಚಿಕ್ಕೀರಯ್ಯನಿಗೂ ಅದನ್ನೇ ಹೇಳಿದ್ದಳು. "ಹೊಂಟಿರೋಳ ಮೇಲೆ ಹೊರಿಸು. ಮಾನ ಕಟ್ಕೊಂಡು ಎಲ್ಲಿಗೆ ಹೋಗ್ಲಿ? ನೀನು ಬಂದು ಪಕ್ಕದಲ್ಲಿ ಕುಂತ್ಕೋ."

ಅವಳು ಗವಸು ಎಳೆದಿರಲಿಲ್ಲ, ಬಿಚ್ಚು ಎಂದೂ ಕೇಳಿರಲಿಲ್ಲ. ನಲವತ್ತು ವರ್ಷದ ಸಂಸಾರದಲ್ಲಿ ದೀಪ ಆರಿಸದೆ ತನ್ನ ಗವಸು ಕಳಚಿದವಳಲ್ಲ. ಚಿಕ್ಕೀರಯ್ಯ ಕಣ್ಣು ಮುಚ್ಚಿ ಮನೆದೇವರು ಮಾದಪ್ಪನನ್ನು ನೆನೆದ.

"ಬರೀರಿ ಸ್ವಾಮಿ," ಎಂದ.

ವಕೀಲ ಬರೆದ. ಮುದುಕ ಸಹಿ ಹಾಕಿದ.

"ಇದನ್ನ ಒಳಗೆ ಎಲ್ಲರ ಮುಂದೆ ಓದ್ತಾರಾ?"

"ಓದ್ಲೇಬೇಕು, ಅಜ್ಜ."

"ಹಂಗಾದ್ರೆ, ಅವಳ ಹೆಸರು ಬಂದಾಗ ಒಸಿ ಮೆಲ್ಲಗೆ ಓದೋಕೆ ಹೇಳಿ."