ಎರಡನೇ ತೂತು

ಹಾಲಿನಲ್ಲಿ ಗುಳ್ಳೆ ಏಳುವುದು ಕಂಡದ್ದೇ ತಡ, ವಸ್ಕಿತೊ ಮಗಳ ಬಾಯಿಂದ ಬಾಟಲಿ ಕಿತ್ತುಕೊಂಡ. ಬೆಳಕಿಗೆ ಹಿಡಿದ. ನಿಪ್ಪಲ್ಲಿನ ಅಂಚಿನಲ್ಲಿ, ಉಗುರಿನಿಂದ ಗೀರಿದಷ್ಟು ಸಣ್ಣ ಸೀಳು. ನಿನ್ನೆ ತಂದ ಹೊಸ ಬಾಟಲಿ. "ಕಳ್ಳ ನನ್ಮಕ್ಳು, ತೂತಿರೋ ಮಾಲು ದಾಟಿಸಿದಾರೆ" ಎಂದು ಹಲ್ಲು ಕಡಿದ.

ಉಪ್ಪಿನ ಲಾರಿಗಳು ಓಡಾಡುವ ರೆಂಬಾಂಗ್ ರಸ್ತೆಯ ಬದಿಯಲ್ಲಿ ಅವನದು ಪಂಕ್ಚರ್ ಅಂಗಡಿ. ಅಪ್ಪ ಸತ್ತು ನಾಲ್ಕು ವರ್ಷ. ಟ್ಯೂಬು ಮುಳುಗಿಸುವ ತೊಟ್ಟಿ ಅಪ್ಪನದು, ಗೋಡೆಯ ತುಂಬ ನೇತಾಡುವ ಉಪಕರಣ ಅಪ್ಪನದು, ವಿದ್ಯೆಯೂ ಅಪ್ಪನದೇ: "ಗುಳ್ಳೆ ಸುಳ್ಳು ಹೇಳಲ್ಲ ಮಗಾ. ಗುಳ್ಳೆ ಎಲ್ಲೋ ತೂತು ಅಲ್ಲಿ." ಹಳೇ ಟ್ಯೂಬಿನಿಂದ ಬಳೆಯಂಥ ಒಂದು ವಾಷರ್ ಕತ್ತರಿಸಿ, ನೀರಲ್ಲಿ ಕುದಿಸಿ, ನಿಪ್ಪಲ್ಲಿನ ಅಡಿಗೆ ಕೂರಿಸಿ, ಚಕ್ರದ ನಟ್ಟು ಬಿಗಿಯುವ ಹಾಗೆ ಮುಚ್ಚಳ ಬಿಗಿದ. ಈಗ ಗುಳ್ಳೆಯ ಸುಳಿವಿಲ್ಲ. ಅಪ್ಪ ನೋಡಿದ್ದರೆ ಬೆನ್ನು ತಟ್ಟುತ್ತಿದ್ದ.

ಮಗಳು ಕಿನಾರ್ ನಾಲ್ಕು ಸಲ ಚೀಪಿದಳು. ನಿಪ್ಪಲ್ಲು ಗಾಳಿ ಹೋದ ಟ್ಯೂಬಿನಂತೆ ಚಪ್ಪಟೆಯಾಗಿ ಒಳಗೊಳಗೇ ಅಂಟಿಕೊಂಡಿತು. ಐದನೆಯ ಸಲಕ್ಕೆ ಕೂಸು ಬೆನ್ನು ಬಿಲ್ಲಾಗಿಸಿ ಅರಚಿತು. ಮತ್ತೆ ಕೊಟ್ಟ. ಮತ್ತೆ ಅದೇ. ಹೆರಿಗೆ ರಜೆ ಮುಗಿದು ಹೆಂಡತಿ ಸುಲಿಸ್ ಆ ದಿನ ಬೆಳಿಗ್ಗೆಯಷ್ಟೇ ಶೂ ಕಾರ್ಖಾನೆಗೆ ಮರಳಿದ್ದಳು. ಮೂರು ತಿಂಗಳ ಮೇಲೆ ಇನ್ನು ಮೂರು ದಿನ ರಜೆ ಕೇಳಿದ್ದಕ್ಕೆ ಸೂಪರ್‌ವೈಸರ್ ನಕ್ಕನಂತೆ. ದಿನಕ್ಕೆ ಸಾವಿರಾರು ಕಾಲಿಗೆ ಶೂ ಹೊಲಿಸುವವನಿಗೆ ಒಂದು ಬಾಯಿಯ ಚಿಂತೆ ಎಲ್ಲಿಂದ ಬರಬೇಕು? "ಊಟದ ಬಿಡುವಲ್ಲಿ ಫೋನ್ ಮಾಡ್ತೀನಿ. ಅಷ್ಟೊತ್ತಿಗೆ ಬಾಟ್ಲಿ ಹಾಲು ಕುಡೀಲಿಲ್ಲ ಅಂದ್ರೆ ಕೆಲಸಕ್ಕೆ ಕೈ ಮುಗಿದು ಬಂದ್ಬಿಡ್ತೀನಿ" ಎಂದು ಹೇಳಿ ಹೋಗಿದ್ದಳು. ಮೂರು ವರ್ಷ ಅಲೆದು ಹಿಡಿದ ಕೆಲಸ. ಬಿಡುವಿಗೆ ಇನ್ನು ಅರ್ಧ ಗಂಟೆ ಇತ್ತು.

"ಯಾಕೋ ಅಳಿಸ್ತೀಯ ಆ ಕೂಸನ್ನ?"

ಅದೇ ತಗಡಿನ ಮಾಡಿನ ಕೆಳಗೆ ಪಕ್ಕದಲ್ಲಿ ಕಾಫಿ ಕಾಸುವ ವಾಗಿಯೆಮ್ ಅಜ್ಜಿ. ವಸ್ಕಿತೊ ಹುಟ್ಟಿದ ವರ್ಷವೇ ತಾಯಿ ಅರಬ್ಬರ ಮನೆಗೆಲಸಕ್ಕೆ ಹೋದಳು. ಅವನು ಬೆಳೆದದ್ದು ಈ ಅಜ್ಜಿಯ ಬೆಂಚಿನ ಮೇಲೆ.

"ನಾನೆಲ್ಲಿ ಅಳಿಸ್ದೆ? ಹಟಮಾರಿ, ಅವಳಮ್ಮನ ಥರ. ಸೋರೋ ಬಾಟ್ಲೀನ ರಿಪೇರಿ ಮಾಡಿಕೊಟ್ರೂ ಕುಡೀತಿಲ್ಲ."

ಅಜ್ಜಿ ಬಾಟಲಿ ಇಸಿದುಕೊಂಡು ಮೂಸಿದಳು. "ಅಯ್ಯೋ ನಿನ್ನ, ಲಾರಿ ಟ್ಯೂಬು ಹಾಕಿದೀಯಲ್ಲೋ. ನನ್ನ ಮರಿಮಗಳೇನು ಹತ್ತು ಚಕ್ರದ ಗಾಡಿಯಾ?"

"ತೂತಿತ್ತು ಅಜ್ಜಿ. ಗುಳ್ಳೆ ಬರ್ತಿತ್ತು."

"ಬರಬೇಕು. ಬಾ ಇಲ್ಲಿ."

ಕಾಫಿಗೆ ಬೆರೆಸುವ ಗಟ್ಟಿ ಸಿಹಿಹಾಲಿನ ಡಬ್ಬಿಯ ತಲೆಗೆ ಮೊಳೆ ಇಟ್ಟು ಎರಡು ಕಡೆ ಗುದ್ದಿದಳು. ಆ ಟಕ್ ಟಕ್ ಕೇಳುತ್ತಲೇ ವಸ್ಕಿತೊನ ಬಾಯಲ್ಲಿ ನೀರು ಬಂತು. ಅಂಗಿ ಚಡ್ಡಿಯಿಲ್ಲದ ಕಾಲದಲ್ಲಿ ಈ ಸದ್ದಿಗೆ ಓಡಿ ಬಂದು, ಡಬ್ಬಿಯ ಅಂಚಿಗೆ ಇಳಿದ ಹಾಲನ್ನು ಬೆರಳಲ್ಲಿ ಬಳಿದು ನೆಕ್ಕುತ್ತಿದ್ದ. ಅಪ್ಪ ತೊಟ್ಟಿಯ ಹತ್ತಿರದಿಂದಲೇ "ಬೆಕ್ಕು ಬಂತು ನೋಡು" ಎನ್ನುತ್ತಿದ್ದ. ಅಜ್ಜಿ ಡಬ್ಬಿಯನ್ನು ಲೋಟದ ಮೇಲೆ ಬಗ್ಗಿಸಿದಳು. ಹಾಲು ದಾರದಂತೆ ಇಳಿಯಿತು. ಮೇಲಿನ ತೂತಿಗೆ ಹೆಬ್ಬೆರಳು ಒತ್ತಿದಳು, ದಾರ ತುಂಡಾಯಿತು. ಬೆರಳು ತೆಗೆದಳು, ಮತ್ತೆ ಇಳಿಯಿತು.

"ಹಾಲು ಹೊರಗೆ ಬರೋಕೆ ಒಂದು, ಗಾಳಿ ಒಳಗೆ ಹೋಗೋಕೆ ಇನ್ನೊಂದು. ನೀನು ಎರಡನೇದನ್ನ ಮುಚ್ಚಿ ಕೂತಿದೀಯ."

ವಸ್ಕಿತೊ ಮಗುವನ್ನು ಅಜ್ಜಿಯ ಕೈಗೆ ಕೊಟ್ಟು ಬಾಟಲಿ ತೆಗೆದುಕೊಂಡ. ಕಿವಿ ಕೆಂಪಾಯಿತು. ವಾಷರ್ ಕಿತ್ತು ರಸ್ತೆಗೆಸೆದು, ಬಾಟಲಿ, ನಿಪ್ಪಲ್ಲು ಎರಡನ್ನೂ ಬಿಸಿನೀರಲ್ಲಿ ತೊಳೆದು, ಹೊಸ ಹಾಲು ಬೆರೆಸಿ, ಈ ಸಲ ಮುಚ್ಚಳವನ್ನು ಎರಡೇ ಬೆರಳಲ್ಲಿ ತಿರುಗಿಸಿದ.

"ನಿಮ್ಮಪ್ಪಂದೂ ಇದೇ ಕಥೆ" ಎಂದಳು ಅಜ್ಜಿ, ಮಗುವನ್ನು ಬಾತಿಕ್ ಬಟ್ಟೆಯ ಸಮೇತ ಅವನ ತೊಡೆಗೆ ದಾಟಿಸುತ್ತ. "ಆಗಿನ ನಿಪ್ಪಲ್ಲಿಗೆ ಈ ಸೀಳೆಲ್ಲಿತ್ತು? ನೀನು ಚೀಪಿ ಚೀಪಿ ಕೆಂಪಗಾಗಿ ಅರಚೋನು. ನಿಂಜೊತೆ ಅವನೂ ಅಳೋನು, ಹೆಂಡ್ತಿ ಬೇರೆ ಹತ್ರ ಇಲ್ಲ. ಡಬ್ಬಿ ಹೀಗೇ ತೋರಿಸ್ದೆ. ಸೂಜಿ ಕಾಯಿಸಿ ಅಂಚಿಗೆ ಒಂದು ತೂತು ಹಾಕ್ದ. ಆಮೇಲೆ ನನ್ನ ಕೈ ಹಿಡ್ಕೊಂಡು, ಯಾರಿಗೂ ಹೇಳ್ಬೇಡಕ್ಕ ಅಂದ. ಪಂಕ್ಚರ್‌ನೋನೇ ತೂತು ಹಾಕ್ತಾನೆ ಅಂತ ಗೊತ್ತಾದ್ರೆ, ರಸ್ತೆಗೆ ಮೊಳೆ ಚೆಲ್ಲೋನೂ ಇವನೇ ಅಂತಾರೆ ಅಂದ."

ವಸ್ಕಿತೊ ಗೋಡೆಯ ಕಡೆ ನೋಡಿದ. ಪಾನಾ, ಲಿವರುಗಳ ನಡುವೆ, ಮರದ ಹಿಡಿಯ ಒಂದು ಸೂಜಿ. ತುದಿ ಮಸಿ ಹಿಡಿದು ಕಪ್ಪಾಗಿತ್ತು. ಮುಟ್ಟಲು ಹೋದಾಗೆಲ್ಲ ಅಪ್ಪ ಕೈಗೆ ಹೊಡೆಯುತ್ತಿದ್ದ. ಒಂದು ದಿನವೂ ಅಪ್ಪ ಅದನ್ನು ಯಾವ ಕೆಲಸಕ್ಕೂ ತೆಗೆದದ್ದಿಲ್ಲ. ಮುಳ್ಳು ಕೀಳುವ ಸೂಜಿ ಎಂದೇ ಇವನು ಇಷ್ಟು ವರ್ಷ ತಿಳಿದಿದ್ದ.

ಕಿನಾರ್ ಚೀಪಿದಳು. ಐದು, ಆರು, ಏಳು. ನಿಪ್ಪಲ್ಲು ದುಂಡಗೇ ಇತ್ತು. ಅಂಚಿನಿಂದ ಒಂದು ಗುಳ್ಳೆ ಹೊರಟು ಹಾಲಿನೊಳಗೆ ಮೇಲಕ್ಕೆ ಏರಿತು. ಅದರ ಹಿಂದೆ ಇನ್ನೊಂದು. ವಸ್ಕಿತೊನ ಹೆಬ್ಬೆರಳು ಅಭ್ಯಾಸಬಲದಿಂದ ಅಂಚಿನ ಕಡೆ ಹೋಗಿ, ಅರ್ಧದಲ್ಲೇ ನಿಂತಿತು.

ಫೋನ್ ಬಡಿದುಕೊಂಡಿತು. ಅವನ ಒಂದು ಕೈಯಲ್ಲಿ ಮಗು, ಇನ್ನೊಂದರಲ್ಲಿ ಬಾಟಲಿ. ಅಜ್ಜಿ ಅವನ ಜೇಬಿಗೆ ಕೈ ಹಾಕಿ ಫೋನ್ ತೆಗೆದು ಬಾಟಲಿಯ ಹತ್ತಿರ ಹಿಡಿದಳು.

ಆ ಕಡೆ ಸುಲಿಸ್ ಕಿವಿಗೊಟ್ಟು ಕೇಳಿಸಿಕೊಂಡಳು. ಅವಳೂ ಪಂಕ್ಚರ್‌ನವನ ಹೆಂಡತಿ.

"ಏನೋ ಗುಳುಗುಳು ಅಂತಿದೆ ಕಣ್ರೀ. ಬಾಟ್ಲಿ ತೂತಾ?"

"ಹೂಂ, ತೂತು" ಎಂದ ವಸ್ಕಿತೊ, ಗೋಡೆಯ ಸೂಜಿಯಿಂದ ಕಣ್ಣು ತೆಗೆಯದೆ. "ಇರ್ಲಿ ಬಿಡು. ನೀನು ಊಟ ಮಾಡು."