ಕುಂಕುಮದ ಕತ್ತರಿ

ಹೆರಿಗೆ ಸಾಮಾನಿನ ಟ್ರೇ ತೆರೆದ ನರ್ಸ್ ಮಹಾನಂದಾ ಹಾಗೆಯೇ ನಿಂತಳು. ಕತ್ತರಿಯ ಅಲಗಿಗೆ ವಿಭೂತಿ ಬಳಿದು ನಡುವೆ ಕುಂಕುಮ ಇಟ್ಟಿತ್ತು. ಚಿಮಟದ ಮೇಲೆ ಚೆಂಡುಹೂವಿನ ಎಸಳು. ಎರಡನೆಯ ಟ್ರೇ ತೆರೆದಳು. ಅದೂ ಹಾಗೆಯೇ.

“ಮಹಾದೇವಕ್ಕಾ, ಇದೇನ ಮಾಡೀರಿ?”

“ಇವತ್ತ ಖಂಡೇಪೂಜಿ ಅಲ್ರಿ,” ಎಂದಳು ಆಯಾ. “ಮುಂಜಾನೆ ನೀವ ಹೇಳಿದ್ರಿ, ಎಲ್ಲಾ ಸಾಮಾನಿಗೂ ಪೂಜಿ ಮಾಡ್ರಿ ಅಂತ.”

ಹೇಳಿದ್ದು ನಿಜ. ಹೇಳುವಾಗ ಫ್ರಿಜ್ಜು, ತೂಕದ ಯಂತ್ರ ಮಹಾನಂದಾಳ ಮನಸ್ಸಿನಲ್ಲಿದ್ದವು. ಹಬೆಯಲ್ಲಿ ಕಾಯಿಸಿ ಮುಚ್ಚಿಟ್ಟದ್ದನ್ನು ಬಿಚ್ಚಿಯಾಳೆಂದು ಹೊಳೆದಿರಲಿಲ್ಲ.

ಮೇಜಿನ ಮೇಲೆ ರಹೀಮಾಬಿಯ ಸೊಸೆ ಹಲ್ಲು ಕಚ್ಚಿ ಮಲಗಿದ್ದಳು. ಎರಡನೆಯ ಹೆರಿಗೆ, ಹೆಚ್ಚು ಹೊತ್ತಿರಲಿಲ್ಲ.

“ಬ್ರಶ್ ಹಾಕಿ ತೊಳೀರಿ. ತಿರುಗಿ ಆಟೋಕ್ಲೇವಿಗೆ ಇಡ್ರಿ. ಲಗೂನ.”

“ಮೀಸಲ ನೀರಾಗ ತೊಳದ ಹಚ್ಚೀನ್ರಿ. ದೇವರ ಕುಂಕುಮದಾಗ ಎಂಥಾ ನಂಜ?” ಎನ್ನುತ್ತಲೇ ಮಹಾದೇವಕ್ಕ ಟ್ರೇ ಎತ್ತಿಕೊಂಡು ಪಕ್ಕದ ಕೋಣೆಗೆ ಹೋದಳು.

ಸೊಸೆಯ ತಲೆದೆಸೆಯಲ್ಲಿ ನಿಂತಿದ್ದ ರಹೀಮಾಬಿ ನರ್ಸಿನ ಹತ್ತಿರ ಬಂದು ದನಿ ತಗ್ಗಿಸಿದಳು. “ಕುಂಕುಮ ಹತ್ತೇತಿ ಅಂತ ನಾವೇನೂ ಅನ್ನಂಗಿಲ್ರಿ ಸಿಸ್ಟರ್. ಒರಿಸಿ ತಗೋರಿ.”

“ನಿಮ್ಮ ಸಲುವಾಗಿ ಅಲ್ಲಜ್ಜಿ. ಹೊಕ್ಕಳಬಳ್ಳಿ ಕೊಯ್ಯೂ ಕತ್ತರಿ ಅದು. ಅದಕ್ಕ ಹತ್ತಿದ್ದು ಸೀದಾ ಕೂಸಿನ ಮೈಯಾಗ ಹೋಗ್ತೇತಿ.”

ಆಟೋಕ್ಲೇವಿನ ಹಬೆಯೊತ್ತಡದ ಮುಳ್ಳು ಮೇಲೇರಿ ಹನ್ನೆರಡು ನಿಮಿಷವಾಗಿತ್ತು, ಕೂಸು ಬಂದೇಬಿಟ್ಟಿತು. ಅತ್ತಿತು. ಮಹಾನಂದಾ ಅದನ್ನು ಒರೆಸಿ ತಾಯಿಯ ಎದೆಯ ಮೇಲೆ ಮಲಗಿಸಿ ಇಬ್ಬರಿಗೂ ಒಂದೇ ಚಾದರ ಹೊದಿಸಿದಳು. ಬಳ್ಳಿ ಇದ್ದ ಹಾಗೇ ಇತ್ತು.

“ಕೊಯ್ರಿ ಮತ್ತ!” ರಹೀಮಾಬಿಯ ದನಿ ಏರಿತು. “ನನ್ನ ಮಗ ಶಾಕೀರ್ ಹೊರಗ ಅದಾನ. ಅಂಗಡ್ಯಾಗಿಂದ ಹೊಸಾ ಬ್ಲೇಡ್ ತರ್ತಾನ.”

“ಹೊಸಾದಾದ್ರೂ ಕಾಯಿಸಬೇಕು. ಕೂಸು ಬೆಚ್ಚಗೈತಿ, ಅಳಾಕತ್ತೇತಿ. ಅದಕ್ಕೇನೂ ಆಗಂಗಿಲ್ಲ. ಮಹಾದೇವಕ್ಕಾ, ಎಷ್ಟ ಉಳೀತು?”

“ಎಂಟ ನಿಮಿಷ್ರಿ,” ಎಂದಿತು ಪಕ್ಕದ ಕೋಣೆಯ ದನಿ.

“ಎಂಟ ನಿಮಿಷ ಹಿಂಗ ಬಿಡ್ತೀರೇನ? ಯಾವ ಊರಾಗ ನೋಡೀರಿ ಇದನ್ನ? ನನ್ನ ಮೂರೂ ಮಕ್ಕಳಿಗೆ ಮನ್ಯಾಗ ಕುಡಗೋಲಿಲೇ ಕೊಯ್ದಿದ್ರು. ಒರಿಸಿ ಕೊಯ್ದಿದ್ರು, ಅಷ್ಟ.”

ಮಹಾನಂದಾ ಚಾದರದ ಅಂಚು ಸರಿಪಡಿಸುತ್ತ ತಲೆ ಎತ್ತದೆ ಕೇಳಿದಳು. “ಮೂರೂ ಅದಾವೇನ್ರಿ?”

ಸೊಸೆ ಅತ್ತೆಯತ್ತ ನೋಡಿದಳು.

“ಎರಡ,” ಎಂದಳು ರಹೀಮಾಬಿ. “ನಡುವಿಂದು ಎಂಟನೇ ದಿನಕ್ಕ ಮೈ ಸೆಟಗೊಂಡು ಹೋತು.”

ಪಕ್ಕದ ಕೋಣೆಯಲ್ಲಿ ಮುಚ್ಚಳದ ಸದ್ದಾದ ಹಾಗಾಯಿತು. ರಹೀಮಾಬಿ ಸೆರಗು ಕಟ್ಟಿಕೊಂಡು ಬಾಗಿಲಿಗೆ ಓಡಿದಳು.

“ಏ ಮಹಾದೇವಕ್ಕಾ, ಈಗ ತಗದಿ ಅಂದ್ರ ನೋಡ ಬೇ! ಪೂರಾ ಎಂಟ ನಿಮಿಷ ಆಗ್ಲಿ!”